ಚಂದಮ್ಮ ಓದದೆ ಬಿಟ್ಟ ಸಾಲು

ಚಂದಮ್ಮನ ಮೂಗಿನ ಬಗ್ಗೆ ಜಾಲಗುಡ್ಡದಲ್ಲಿ ಎರಡು ಮಾತಿಲ್ಲ. ಮೊಸರು ನಿನ್ನೆಯದೋ ಮೊನ್ನೆಯದೋ ಎಂದು ಗಡಿಗೆಯ ಮುಚ್ಚಳ ತೆಗೆಯುವ ಮೊದಲೇ ಹೇಳುತ್ತಾಳೆ. ಪಕ್ಕದ ಮನೆಯ ಬೇಳೆ ತಳ ಹಿಡಿಯುವುದು ಆ ಮನೆಯವರಿಗಿಂತ ಮುಂಚೆ ಇವಳಿಗೆ ತಿಳಿದು, ಗೋಡೆಯಾಚೆಯಿಂದ ಕೂಗಿ ಎಚ್ಚರಿಸುತ್ತಾಳೆ. ಇಂಥ ಮೂಗಿಗೆ ಸಂಬಳ ಕೊಡುವವರೂ ಲೋಕದಲ್ಲಿ ಇದ್ದಾರೆ ಎಂದು ನಲವತ್ತೈದು ದಾಟುವವರೆಗೆ ಅವಳಿಗೆ ಗೊತ್ತಿರಲಿಲ್ಲ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಗೆ, ಜಾಲಗುಡ್ಡದ ಸೀಮೆ ಮುಗಿಯುವಲ್ಲಿ, ಬಸವಂತರಾಯ ಸಾಹುಕಾರರು ‘ಜಲಸಿರಿ ಫ್ಯಾಮಿಲಿ ಪಾರ್ಕ್’ ಕಟ್ಟಿಸಿ ಐದು ವರ್ಷವಾಯಿತು. ತಲೆತಲಾಂತರದಿಂದ ಅಂಗಡಿ ನಡೆಸಿದ ಮನೆತನ ಅವರದು. ನೀರಿನಲ್ಲಿ ಜಾರುವುದಕ್ಕೆ ಜನ ಟಿಕೆಟ್ ತೆಗೆಸುತ್ತಾರೆ ಎಂದಾಗ ಅವರ ಸ್ವಂತ ಅಣ್ಣತಮ್ಮಂದಿರೇ ನಕ್ಕಿದ್ದರಂತೆ. ಈ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಬೆಳೆದವರು ಹಾಗೆ ನಗಬಾರದಿತ್ತು. ಯಾದಗಿರಿಯಿಂದ, ಕಕ್ಕೇರಾದಿಂದ, ರಾಮಸಮುದ್ರದಿಂದ ಟಂಟಂ, ಕ್ರೂಸರ್ ಗಾಡಿಗಳಲ್ಲಿ ತುಂಬಿಕೊಂಡು ಬಂದ ಜನ ರೊಟ್ಟಿಯ ಗಂಟು ಬಿಚ್ಚುವುದಕ್ಕೂ ತಾಳ್ಮೆ ಇಲ್ಲದೆ ನೀರಿಗೆ ಬಿದ್ದರು. ಜಾರುಬಂಡೆಗಳು ಮೂರು, ಯಂತ್ರದಿಂದ ತೆರೆ ಏಳುವ ದೊಡ್ಡ ಕೊಳ ಒಂದು, ಹಾಡು ಹಾಕಿ ಕೃತಕ ಮಳೆ ಸುರಿಸುವ ಅಂಗಳ ಒಂದು. ಬಾಗಿಲಲ್ಲಿ ದಪ್ಪ ಅಕ್ಷರದ ಫಲಕ: ‘ಕುಟುಂಬಗಳಿಗೆ ಮಾತ್ರ ಪ್ರವೇಶ. ಮದ್ಯ ತರಕೂಡದು.’

ಕುಟುಂಬ ಎಂದರೆ ಏನು ಎಂಬುದನ್ನು ಜನ ತಮಗೆ ಬೇಕಾದಂತೆ ತಿಳಿದುಕೊಂಡರು. ನಾಲ್ವರು ಗಡ್ಡದ ಹುಡುಗರು ದೊಡ್ಡವ್ವನೊಬ್ಬಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದರೆ ಅದೂ ಕುಟುಂಬ. ಇನ್ನು ಮದ್ಯ ತರಕೂಡದು ಎಂಬ ಮಾತಿಗೆ ಗಂಡಸರು ಕಂಡುಕೊಂಡ ದಾರಿ ಹೆಂಗಸರ ಚೀಲ. ಗಂಡಸರ ಸಾಲಿನಲ್ಲಿ ಕಾವಲಿನ ಜಲಾಲುದ್ದೀನ ನಿಂತು ಜೇಬು, ಸೊಂಟ ತಡವಿ ಬಿಡುತ್ತಿದ್ದ. ಹೆಂಗಸರ ಚೀಲಕ್ಕೆ ಅವನು ಕೈ ಹಾಕುವಂತಿರಲಿಲ್ಲ. ಹೀಗಾಗಿ ಒಳಗೆ ಹೋಗುವ ಬಾಟಲಿಗಳೆಲ್ಲ ಚಟ್ನಿ ಡಬ್ಬಿಯ ಪಕ್ಕದಲ್ಲಿ, ಕೂಸಿನ ಬಟ್ಟೆಯ ನಡುವೆ ಮಲಗಿ ಹೋಗುತ್ತಿದ್ದವು. ಸಾಹುಕಾರರು ಊರಿನಲ್ಲಿ ವಿಚಾರಿಸಿ ಚಂದಮ್ಮನನ್ನು ಕರೆಸಿದ್ದು ಆಗಲೇ.

ಅವಳ ಕೆಲಸ ಇಷ್ಟೇ: ಚೀಲ ತೆರೆಸುವುದು, ನೀರಿನ ಬಾಟಲಿಯ ಮುಚ್ಚಳ ತಿರುಗಿಸುವುದು, ಮೂಸುವುದು. ಮೊದಮೊದಲು ನಾಚಿಕೆಯಾಯಿತು, ಆಮೇಲೆ ರೂಢಿಯಾಯಿತು. ತೀರ್ಥ ಎಂದು ಕೆಂಪು ದಾರ ಕಟ್ಟಿ ತಂದ ಶೀಸೆಯಲ್ಲಿ ಬ್ರಾಂದಿ ಹಿಡಿದಳು. ಕೆಮ್ಮಿನ ಔಷಧ ಎಂದವಳಿಗೆ ‘ಇಷ್ಟು ಕೆಮ್ಮಿದ್ದರ ನೀರಿಗೆ ಇಳೀಬ್ಯಾಡವ್ವ’ ಎಂದು ಬುದ್ಧಿ ಹೇಳಿ ಶೀಸೆ ಇಟ್ಟುಕೊಂಡಳು. ಸಿಕ್ಕಿಬಿದ್ದ ಹೆಂಗಸರು ಒಬ್ಬರೂ ತಾವು ಕುಡಿಯುವವರಲ್ಲ. ಗಂಡ ಹೇಳಿದ, ಮೈದುನ ಇಟ್ಟ, ಇಲ್ಲ ಎನ್ನಲಾರದೆ ತಂದರು. ಬೈಸಿಕೊಳ್ಳುವವರೂ ಅವರೇ. ಅದನ್ನು ನೋಡಿ ಚಂದಮ್ಮನಿಗೆ ಸಿಟ್ಟು ಬರುತ್ತಿತ್ತು, ಬಾಟಲಿಯ ಮೇಲಲ್ಲ, ಅದನ್ನು ಹೊರಿಸಿ ತಾನು ಕೈ ಬೀಸಿಕೊಂಡು ಬರುವವನ ಮೇಲೆ.

ಮೂಗಿನಷ್ಟೇ ಊರು ನಂಬಿದ್ದ ಇನ್ನೊಂದು ವಸ್ತು ಅವಳ ಕಣ್ಣು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದನ್ನು ಉಳಿಸಿಕೊಂಡ ಚಂದಮ್ಮ ಜಾಲಗುಡ್ಡದ ಮಹಿಳಾ ಸಂಘದ ಓದುಗಾರ್ತಿ. ಸಂಘದ ಅಧ್ಯಕ್ಷೆ ಹಣಮಂತಮ್ಮ, ಹೊಳೆಯಲ್ಲಿ ಬಲೆ ಬೀಸುವ ಮನೆತನದ ಅರವತ್ತೈದರ ಹೆಂಗಸು, ಅಕ್ಷರ ಬಾರದವಳು. ಹತ್ತು ವರ್ಷದ ಹಿಂದೆ ಊರಿನ ಕಿರಾಣಿ ಅಂಗಡಿಗಳಲ್ಲಿ ಸೋಪಿನ ಪಕ್ಕದಲ್ಲೇ ಸಾರಾಯಿ ಪಾಕೀಟು ಮಾರುತ್ತಿದ್ದಾಗ, ಹೆಂಗಸರನ್ನು ಕಟ್ಟಿಕೊಂಡು ಹನ್ನೊಂದು ದಿನ ಆ ಅಂಗಡಿಗಳ ಮುಂದೆ ಕೂತು ಮುಚ್ಚಿಸಿದವಳು. ಆಗಿನ ಅರ್ಜಿ ಬರೆದದ್ದು ಚಂದಮ್ಮ. ಅಂದಿನಿಂದ ಸಂಘಕ್ಕೆ ಬಂದ ಯಾವ ಕಾಗದವಾಗಲಿ, ಅವಳು ಒಂದು ಸಾಲು ಓದುವುದು, ಆ ಕಚೇರಿ ಕನ್ನಡ ಯಾರಿಗೂ ತಿಳಿಯದೆ ಎಲ್ಲರೂ ಅವಳ ಮುಖ ನೋಡುವುದು, ಅವಳು ಅದನ್ನು ಮನೆ ಮಾತಿನಲ್ಲಿ ಬಿಡಿಸಿ ಹೇಳುವುದು. ಹೀಗೆ ಕಡೆಯ ಸಾಲಿನವರೆಗೆ ಹೋಗಿ, ಮೊದಲ ಸಹಿ ಅವಳದು. ಆಮೇಲೆ ಉಳಿದವರ ಸಹಿ, ಹೆಬ್ಬೆಟ್ಟು. ಪಿಯುಸಿ ಮುಗಿಸಿ ಕೊಂಕಲ್‌ನಿಂದ ಈ ಊರಿಗೆ ಸೊಸೆಯಾಗಿ ಬಂದ ಮಲ್ಲೇಶ್ವರಿ ಕೂಡ ಕಾಗದವನ್ನು ತಿರುಗಿಸಿ ನೋಡುತ್ತಿರಲಿಲ್ಲ. ಅಕ್ಕ ಓದಿದ್ದಾಳೆ, ಮುಗಿಯಿತು.

ಕಳೆದ ಮೇ ತಿಂಗಳ ಎರಡನೇ ವಾರ ಚಂದಮ್ಮನಿಗೆ ನೆಗಡಿಯಾಯಿತು. ಬಿಸಿಲು ಕಾಲದ ನೆಗಡಿ, ಮೂಗು ಪೂರಾ ಕಟ್ಟಿತ್ತು. ಬೆಳಿಗ್ಗೆ ಚಹಾದ ವಾಸನೆಯೇ ಬರದಿದ್ದಾಗ ಇವತ್ತು ತಾನು ಬಾಗಿಲಲ್ಲಿ ನಿಂತು ಉಪಯೋಗವಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಹೇಳಿದರೆ ಮನೆಗೆ ಕಳಿಸುತ್ತಾರೆ. ಸೀಸನ್ನು ನಾಲ್ಕೇ ತಿಂಗಳು, ಮಳೆ ಬಿದ್ದರೆ ಪಾರ್ಕಿನ ಬಾಗಿಲು ಮುಚ್ಚುತ್ತದೆ, ಅಲ್ಲಿ ದುಡಿಯುವ ಊರಿನ ಇಪ್ಪತ್ತು ಹೆಂಗಸರು ಮತ್ತೆ ಕಳೆ ತೆಗೆಯುವ, ಹತ್ತಿ ಬಿಡಿಸುವ ಕೂಲಿಗೆ ಹೋಗಬೇಕು. ಹೇಳಲಿಲ್ಲ. ಎಂದಿನಂತೆ ಮುಚ್ಚಳ ತೆಗೆದಳು, ಮೂಸಿದಂತೆ ಮಾಡಿದಳು, ಹೋಗ್ರಿ ಎಂದಳು.

ಮಧ್ಯಾಹ್ನ ತೆರೆಯ ಕೊಳದ ಹತ್ತಿರ ಕೂಗಾಟ. ಆರು ವರ್ಷದ ಹುಡುಗನೊಬ್ಬ ಅಜ್ಜಿಯ ಚೀಲದಿಂದ ಠಂಡಾ ಎನ್ನುವ ಕಪ್ಪು ತಂಪು ಪಾನೀಯದ ಬಾಟಲಿ ತೆಗೆದು ಗಟಗಟ ಕುಡಿದುಬಿಟ್ಟಿದ್ದ. ಅದರಲ್ಲಿ ಅರ್ಧಕ್ಕರ್ಧ ರಮ್ಮು. ಅವನಪ್ಪ ಬೆರೆಸಿ ಅಜ್ಜಿಗೆ ಹೇಳದೆ ಇಟ್ಟಿದ್ದ. ಕೂಸು ವಾಂತಿ ಮಾಡಿ ಮಾಡಿ ಕಣ್ಣು ಮೇಲೆ ಮಾಡಿತ್ತು. ಸಾಹುಕಾರರ ಕಾರಿನಲ್ಲೇ ಶಹಾಪುರದ ದವಾಖಾನೆಗೆ ಸಾಗಿಸಿದರು, ಸಂಜೆಯ ಹೊತ್ತಿಗೆ ಹುಷಾರಾಯಿತು. ಆ ಅಜ್ಜಿ ಮಾತ್ರ ನೆಲದ ಮೇಲೆ ಕೂತು ಚೀಲವನ್ನು ಅವುಚಿಕೊಂಡು, ‘ನನ್ನ ಚೀಲದಾಗ ಬಂತಲ್ಲೋ ಯಪ್ಪಾ’ ಎಂದು ಅದನ್ನೇ ಹೇಳುತ್ತಿತ್ತು. ಚಂದಮ್ಮ ಎದುರಿಗೇ ನಿಂತಿದ್ದಳು. ಅದು ನಿನ್ನ ತಪ್ಪಲ್ಲ, ನನ್ನದು ಎಂದು ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡು, ಅಜ್ಜಿಗೆ ಕುಡಿಯಲು ನೀರು ತಂದುಕೊಟ್ಟಳು.

ಮರುದಿನ ಸಾಹುಕಾರರು ಕರೆಸಿದರು. ಕೆಲಸ ಹೋಯಿತು ಎಂದುಕೊಂಡೇ ಹೋದಳು. ಅವರು ಕುರ್ಚಿ ತೋರಿಸಿದರು.

“ಕೂಡ್ರಿ ಚಂದಮ್ಮ. ನಿಮ್ಮದು ತಪ್ಪಿಲ್ಲ. ಮುಚ್ಚಿಟಗೊಂಡು ತರ್ತಾರಲ್ಲ, ಅದು ತಪ್ಪು. ಎಷ್ಟಂತ ಮೂಸ್ತೀರಿ ನೀವು?”

ನೆಗಡಿಯ ವಿಷಯ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಅವಳು ಸೆರಗಿನ ಚುಂಗು ಸರಿಮಾಡಿಕೊಂಡಳು.

ಸಾಹುಕಾರರ ತಲೆಯಲ್ಲಿ ಒಂದು ಯೋಜನೆ ಇತ್ತು. ಪಾರ್ಕಿನ ಹಿಂಬದಿಗೆ, ಕೊಳಗಳಿಂದ ದೂರ, ಗೋಡೆ ಹಾಕಿ ಬೇರೆಯದೇ ಒಂದು ಊಟದ ಮನೆ. ಅಲ್ಲಿ ಬಿಯರ್ ಕೊಡುವುದು. ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಕುಡಿದವನ ಕೈಗೆ ಕೆಂಪು ಪಟ್ಟಿ, ಪಟ್ಟಿ ಇದ್ದವನು ಅವತ್ತು ನೀರಿಗೆ ಇಳಿಯುವಂತಿಲ್ಲ. “ಕದ್ದು ಕುಡಿಯೋರ್ನ ಯಾರು ಕಾಯ್ತಾರ? ಕಣ್ಣ ಮುಂದ ಕುಡದ್ರ ಕಾಯಬಹುದು. ಮತ್ತ ಊಟದ ಮನಿ ಅಂದ್ರ ವರ್ಷಪೂರ್ತಿ ನಡೀತೈತಿ. ನಿಮ್ಮೂರ ಇಪ್ಪತ್ತು ಮಂದಿಗೂ ಬಾರಾ ಮಹಿನಾ ಕೆಲಸ. ಲೈಸೆನ್ಸಿಗೆ ಅರ್ಜಿ ಹಾಕೀನಿ. ಊರ ಹೆಣ್ಣಮಕ್ಕಳ ತಕರಾರು ಇಲ್ಲಂತ ಒಂದು ಕಾಗದ ಇದ್ರ ಚಲೋ ಅಂತ ಆಫೀಸಿನವ್ರು ಹೇಳ್ಯಾರ.”

ಚಂದಮ್ಮ ಒಪ್ಪಿದಳು. ಸಂಬಳದ ಆಸೆಗೆ ಎಂದು ಯಾರಾದರೂ ಅಂದರೆ ಅದು ಅರ್ಧ ಸತ್ಯ. ಆ ಕೂಸಿನ ಮುಖ ಅವಳ ಕಣ್ಣ ಮುಂದಿತ್ತು. ಗೋಡೆಯ ಹಿಂದೆ ಒಂದು ಜಾಗ ಇದ್ದಿದ್ದರೆ ಆ ಅಪ್ಪ ಠಂಡಾದ ಬಾಟಲಿಯಲ್ಲಿ ರಮ್ಮು ಬೆರೆಸುತ್ತಿರಲಿಲ್ಲ, ಅಜ್ಜಿ ಅದನ್ನು ಹೊರುತ್ತಿರಲಿಲ್ಲ, ತಾನು ಮೂಸುವ ಪ್ರಶ್ನೆಯೇ ಬರುತ್ತಿರಲಿಲ್ಲ. ತನ್ನ ತಪ್ಪನ್ನು ಹೇಳಿಕೊಳ್ಳದೆಯೇ ಸರಿಮಾಡುವ ದಾರಿ ಎಂದು ಅವಳು ಅದನ್ನು ನಿಜವಾಗಿಯೂ ನಂಬಿದಳು.

ಸಾಹುಕಾರರು ಟೈಪು ಮಾಡಿಸಿದ ಕಾಗದ ಕೈಗೆ ಕೊಟ್ಟು, “ನಿಮ್ಮ ಮಂದಿಗೆ ತಿಳಿಯೋ ಹಂಗ ಹೇಳ್ರಿ” ಎಂದರು. ಸುಳ್ಳು ಹೇಳಿ ಎಂದು ಅವರು ಹೇಳಲಿಲ್ಲ. ಇದನ್ನು ಆಮೇಲೆ ಚಂದಮ್ಮ ಎಷ್ಟೋ ಸಲ ನೆನೆಸಿಕೊಂಡಿದ್ದಾಳೆ. ಅವರು ಹೇಳಿದ್ದರೆ ಬೈಯಲು ಒಬ್ಬರಾದರೂ ಸಿಗುತ್ತಿದ್ದರು.

ಸಂಘ ಸೇರಿದ್ದು ಹಣಮಂತಮ್ಮನ ಮನೆಯ ಪಡಸಾಲೆಯಲ್ಲಿ. ಕಾಗದದ ನಡುವಿನ ಸಾಲು ಹೀಗಿತ್ತು: ‘ಸದರಿ ಉದ್ಯಾನದಲ್ಲಿ ತಂಪು ಪಾನೀಯಗಳನ್ನು ಹಾಗೂ ಪ್ರತ್ಯೇಕ ಆವರಣದಲ್ಲಿ ಬಿಯರ್ ಇತ್ಯಾದಿ ಮದ್ಯಪಾನೀಯಗಳನ್ನು ಅತಿಥಿಗಳಿಗೆ ಒದಗಿಸಲು ನಮ್ಮ ಸಂಘದ ಯಾವುದೇ ಆಕ್ಷೇಪಣೆ ಇರುವುದಿಲ್ಲ.’ ಚಂದಮ್ಮ ಮೇಲಿನ ಎರಡು ಸಾಲು ಓದಿ ಬಿಡಿಸಿ ಹೇಳಿದಳು. ಮೂರನೆಯದಕ್ಕೆ ಬಂದಾಗ ಹಣಮಂತಮ್ಮ ಎಲೆ ಅಡಿಕೆಯ ಸಂಚಿಯ ದಾರ ಎಳೆಯುತ್ತ, ಅವಳು ಹೇಳುವುದಕ್ಕೆ ಹೂಂಗುಟ್ಟಲು ಸಿದ್ಧಳಾಗಿ ಕೂತಿದ್ದಳು. ಬಿಯರ್ ಎಂದರೆ ಆ ಮುದುಕಿ ಸಂಚಿ ಕೆಳಗಿಡುತ್ತಾಳೆ, ಹನ್ನೊಂದು ದಿನದ ಕಥೆ ತೆಗೆಯುತ್ತಾಳೆ, ಜಗಳವಾಗುತ್ತದೆ, ಎಲ್ಲ ಕೆಡುತ್ತದೆ. ಚಂದಮ್ಮ ಆ ಸಾಲನ್ನು ಓದಲಿಲ್ಲ. ನೇರವಾಗಿ ಬಿಡಿಸಿ ಹೇಳಿದಳು.

“ಪಾರ್ಕಿನ್ಯಾಗ ಠಂಡಾ ಮಾರೋ ಅಂಗಡಿ ಹಾಕ್ತಾರಂತ ಆಯಿ. ಅದಕ್ಕ ನಮ್ದೇನು ತಕರಾರಿಲ್ಲ ಅಂತ ಬರದೈತಿ.”

ಠಂಡಾ ಎಂಬ ಮಾತು ನಮ್ಮ ಕಡೆ ಬಹಳ ಮರ್ಯಾದಸ್ಥ ಮಾತು. ಮನೆಗೆ ಬಂದವರಿಗೆ ಚಹಾ ಕುಡಿಯುತ್ತೀರೋ ಠಂಡಾ ತರಿಸಲೋ ಎಂದು ಕೇಳುತ್ತೇವೆ. ಬೀಗರು ಬಂದರೆ ಠಂಡಾ, ಸಾಹೇಬರು ಬಂದರೆ ಠಂಡಾ. ಆದರೆ ಚಂದಮ್ಮನ ಗಂಡ ಅಮರಪ್ಪ ಸಂತೆಯ ದಿನ ಶಹಾಪುರಕ್ಕೆ ಹೋಗಿ ಒಂದೇ ಒಂದು ತಣ್ಣಗಿನ ಬಿಯರ್ ಕುಡಿದು ಮೆತ್ತಗೆ ಮನೆಗೆ ಬಂದು, ಹೆಂಡತಿಯ ಮೂಗಿಗೆ ಹೆದರಿ ತಾನೇ ಮುಂದಾಗಿ ಹೇಳುತ್ತಿದ್ದದ್ದೂ ‘ಒಂದು ಠಂಡಾ ಕುಡದ್ ಬಂದೀನಿ’ ಎಂದೇ. ಗಂಡಸರ ಬಾಯಲ್ಲಿ ಆ ಮಾತಿಗೆ ಎರಡು ಅರ್ಥ ಇದೆ ಎಂದು ಆ ಪಡಸಾಲೆಯಲ್ಲಿ ಚಂದಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಸುಳ್ಳನ್ನೇನೂ ಹೇಳಲಿಲ್ಲವಲ್ಲ ಎಂದು ಅವಳು ಮನಸ್ಸಿಗೆ ಸಮಾಧಾನ ಹೇಳಿಕೊಂಡದ್ದೂ ಅದೇ ಎರಡನೇ ಅರ್ಥವನ್ನು ಹಿಡಿದುಕೊಂಡು. ಮೊದಲ ಸಹಿ ಮಾಡಿದಳು. ಮಲ್ಲೇಶ್ವರಿ ಅದರ ಕೆಳಗೆ ಮಾಡಿದಳು, ಕಾಗದ ನೋಡದೆ. ಹಣಮಂತಮ್ಮ ಹೆಬ್ಬೆಟ್ಟು ಒತ್ತಿ ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ ಕೇಳಿದಳು:

“ಮಜ್ಜಗಿನೂ ಇಡ್ತಾರೇನಬೇ ಅದರಾಗ?”

ಆ ಪ್ರಶ್ನೆ ಅಲ್ಲಿಗೇ ನಿಂತಿದ್ದರೆ ಚಂದಮ್ಮ ಉಳಿಯುತ್ತಿದ್ದಳೋ ಏನೋ. ಹೆಂಗಸರಿಗೆ ಅದು ಹಿಡಿಸಿತು. ಶೀಸೆಯ ಠಂಡಾ ಯಾರು ಬೇಕಾದರೂ ಮಾರಬಹುದು, ನಮ್ಮೂರ ಮಜ್ಜಿಗೆ ಯಾಕೆ ಮಾರಬಾರದು? ಜೀರಿಗೆ, ಕೊತ್ತಂಬರಿ, ಚೂರು ಹಸಿಶುಂಠಿ ಹಾಕಿದರೆ ಬಿಸಿಲಲ್ಲಿ ಬಂದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯದು ಏನಿದೆ? ಸಂಘದಿಂದ ದೊಡ್ಡದೊಂದು ಸ್ಟೀಲಿನ ಕೊಳಗ ಕೊಂಡರು. ಮಲ್ಲೇಶ್ವರಿ ಫಲಕಕ್ಕೆ ಹೆಸರು ಬರೆದಳು. ಯಾರ ಮನೆಯ ಹಾಲು, ಯಾರು ಕಡೆಯುವುದು, ಪಾಳಿ ಹೇಗೆ ಎಂದು ದಿನವೂ ಮಾತು. “ಚಂದಮ್ಮ ಸಾವ್ಕಾರ್ರಿಗೆ ಹೇಳಿ ಬಾಗಲ ಮುಂದಿನ ಜಾಗಾ ಕೊಡಸ್ತಾಳ” ಎಂದು ಹಣಮಂತಮ್ಮ ಎಲ್ಲರ ಮುಂದೆ ಅಂದಾಗ ಚಂದಮ್ಮ ಹೂಂ ಎಂದಳು.

ಜೂನ್ ಮೊದಲಲ್ಲಿ ಹಿಂಬದಿಯ ಊಟದ ಮನೆಗೆ ಗುದ್ದಲಿ ಪೂಜೆ ಆಯಿತು. ಊರ ಹಿರಿಯ ಹೆಣ್ಣುಮಗಳ ಕೈಯಿಂದ ಕಾಯಿ ಒಡೆಸಬೇಕೆಂದು ಸಾಹುಕಾರರಿಗೆ ಆಸೆ. ಹಣಮಂತಮ್ಮ ಅದು ಠಂಡಾ ಅಂಗಡಿಯ ಪೂಜೆ ಎಂದೇ ತಿಳಿದು ಹಸಿರು ಇಳಕಲ್ ಸೀರೆ ಉಟ್ಟು ಬಂದಳು, ಒಂದೇ ಏಟಿಗೆ ಕಾಯಿ ಎರಡು ಹೋಳು ಮಾಡಿದಳು, ಕಣ್ಣು ಮುಚ್ಚಿ, ಇಲ್ಲಿಗೆ ಬಂದ ಮಕ್ಕಳು ತಣ್ಣಗಿರಲಿ ಎಂದು ಬೇಡಿಕೊಂಡಳು. ಸಾಹುಕಾರರು ಕೈ ಮುಗಿದು ನಿಂತಿದ್ದರು. ಅವರಿಗೂ ಆ ಬೇಡಿಕೆ ಸ್ವಲ್ಪ ವಿಚಿತ್ರ ಎನಿಸಿರಬೇಕು, ಚಂದಮ್ಮನ ಕಡೆ ಒಮ್ಮೆ ನೋಡಿದರು. ಪ್ರಸಾದವೆಂದು ಮುದುಕಿ ಅಂಗೈಯಲ್ಲಿಟ್ಟ ಕೊಬ್ಬರಿಯ ಚೂರನ್ನು ಚಂದಮ್ಮನಿಗೆ ತಿನ್ನಲಾಗಲಿಲ್ಲ. ಸೆರಗಿಗೆ ಗಂಟು ಹಾಕಿಕೊಂಡಳು, ಮನೆಗೆ ಹೋಗಿ ದನಕ್ಕೆ ಹಾಕಿದಳು, ದನಕ್ಕೆ ಹಾಕಿದ್ದಕ್ಕೆ ಮತ್ತೆ ಹೆದರಿದಳು.

ಅಮರಪ್ಪನಿಗೆ ಹೇಳಿದಳು. ಅವನು ಬೀಡಿ ಆರಿಸಿ, “ಈಗ ಹೇಳಿಬಿಡು” ಎಂದ. “ಹೇಳಿದ್ರ ಮಾರಿ ಹೆಂಗ ತೋರಸ್ಲಿ?” ಎಂದಳು. “ಹೇಳದಿದ್ರ ಹೆಂಗ ತೋರಸಾಕತ್ತೀದಿ?” ಎಂದು ಅವನು ಕೇಳಿದ. ಸಂತೆಯ ದಿನ ಒಂದು ಬಿಯರ್ ಕುಡಿಯುವವನ ಹತ್ತಿರ ಬುದ್ಧಿ ಕೇಳುವ ಕಾಲ ಬಂತಲ್ಲ ಎಂದು ಅವಳಿಗೆ ಅಳು ಬಂತು.

ಹೇಳಬೇಕೆಂದು ಮೂರು ಸಲ ಹಣಮಂತಮ್ಮನ ಮನೆಗೆ ಹೋದಳು. ಒಂದು ಸಲ ಮುದುಕಿ ಬಲೆಯ ಹರಕು ಹೊಲಿಯುತ್ತ, ಸೂಜಿಗೆ ದಾರ ಪೋಣಿಸಿ ಕೊಡು ಎಂದಳು, ಪೋಣಿಸಿ ಕೊಟ್ಟು ಬಂದಳು. ಇನ್ನೊಂದು ಸಲ ಮಂದಿ ಇದ್ದರು. ಮೂರನೆಯ ಸಲ ಯಾರೂ ಇರಲಿಲ್ಲ, ಮುದುಕಿ ಸುಮ್ಮನೆ ಕೂತಿದ್ದಳು. ಅವತ್ತು ಹೇಳದೆ ಬಂದದ್ದಕ್ಕೆ ಚಂದಮ್ಮನಲ್ಲಿ ಯಾವ ನೆಪವೂ ಇರಲಿಲ್ಲ.

ಅಷ್ಟರಲ್ಲಿ ಯಾದಗಿರಿಯಿಂದ ಸಾಹೇಬರೊಬ್ಬರು ವಿಚಾರಣೆಗೆ ಬರುವ ಸುದ್ದಿ ಬಂತು. ಅರ್ಜಿಯ ಜೊತೆಗಿದ್ದ ಹೆಂಗಸರ ಒಪ್ಪಿಗೆ ನಿಜವೇ ಎಂದು ಅವರ ಬಾಯಿಂದಲೇ ಕೇಳಬೇಕಂತೆ. ಹೆಂಗಸರು ಬೆಳಿಗ್ಗೆ ಎದ್ದು ಮಜ್ಜಿಗೆ ಕಡೆದು, ಹೊಸ ಕೊಳಗ ತುಂಬಿಸಿ, ಇಬ್ಬರು ಹಿಡಿದು ಪಾರ್ಕಿಗೆ ತಂದರು. ಸಾಹೇಬರಿಗೆ ರುಚಿ ನೋಡಿಸಿದರೆ ಕೆಲಸ ಸಲೀಸು ಎಂದು ಮಲ್ಲೇಶ್ವರಿಯ ಲೆಕ್ಕಾಚಾರ. ಅರ್ಧ ಎದ್ದ ಗೋಡೆಯ ನೆರಳಲ್ಲಿ ಕುರ್ಚಿ ಹಾಕಿದ್ದರು. ಸಾಹೇಬರು ಬಡಪಾಯಿ, ಬಿಸಿಲಿಗೆ ಬೆವೆತು ಹೋಗಿದ್ದರು, ಒಂದು ಲೋಟ ಕುಡಿದು ಇನ್ನೊಂದು ಕೇಳಿ ಕುಡಿದರು. ಆಮೇಲೆ ಕಡತ ಬಿಚ್ಚಿದರು.

“ಏನಮ್ಮ, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?”

“ಐತ್ರಿ ಸಾಹೇಬ್ರ” ಎಂದಳು ಹಣಮಂತಮ್ಮ. “ಇಂಥಾ ಬಿಸಲಾಗ ಸಣ್ಣ ಸಣ್ಣ ಮಕ್ಕಳು ಬರ್ತಾವ. ಕುಡಿಯಾಕ ಏನರ ಬೇಕಲ್ರಿ ಅವಕ್ಕ. ಲಗೂನ ಚಾಲೂ ಮಾಡಸ್ರಿ.”

ಸಾಹೇಬರ ಪೆನ್ನು ನಿಂತಿತು. “ಮಕ್ಕಳಿಗಾ?”

“ಹೌದ್ರಿ. ದೊಡ್ಡವರ ಕುಡೀಲಿ, ಮಕ್ಕಳೂ ಕುಡೀಲಿ. ಮನಿಮಂದಿ ಎಲ್ಲಾ ಕೂಡಿ ಕುಡೀಲಿ, ಅದರಾಗೇನೈತ್ರಿ.”

ಸಾಹೇಬರ ಸಹಾಯಕನೊಬ್ಬ ಬಾಯಿಗೆ ಕರವಸ್ತ್ರ ಇಟ್ಟುಕೊಂಡು ನಕ್ಕ. ಕೂಲಿಯವರೂ ನಕ್ಕರು. ಹಣಮಂತಮ್ಮನಿಗೆ ಯಾಕೆ ನಗುತ್ತಾರೆಂದು ತಿಳಿಯಲಿಲ್ಲ. ತನ್ನ ಮಾತು ಹಳ್ಳಿಯದಾಯಿತೇನೋ ಎಂದು ನಾಚಿ, ಸೀರೆಯ ಸೆರಗನ್ನು ಬಾಯಿಗೆ ಅಡ್ಡ ತಂದುಕೊಂಡು, ಸರಿಯಾಗಿ ಹೇಳಿದೆನೇ ಎಂಬಂತೆ ಚಂದಮ್ಮನ ಕಡೆ ನೋಡಿದಳು.

ಹನ್ನೊಂದು ದಿನ ಸಾರಾಯಿ ಅಂಗಡಿಯ ಮುಂದೆ ಕೂತ ಹೆಂಗಸು ಅವಳು. ಅವಳನ್ನು ನೋಡಿ ಜನ ನಗುತ್ತಿದ್ದರು. ಚಂದಮ್ಮನ ಕಾಲುಗಳು ತಾವಾಗಿ ಮುಂದೆ ಹೋದವು.

“ಸಾಹೇಬ್ರ, ಬರೀಬ್ಯಾಡ್ರಿ. ಆ ಕಾಗದ ಇತ್ತಾಗ ಕೊಡ್ರಿ.”

ಅವಳು ಕಾಗದ ತೆಗೆದುಕೊಂಡು ಹೆಂಗಸರ ಕಡೆ ತಿರುಗಿ ನಿಂತಳು. ಮೊದಲ ಸಾಲು ಓದಿ ಬಿಡಿಸಿ ಹೇಳಿದಳು. ಎರಡನೆಯದನ್ನು ಓದಿ ಬಿಡಿಸಿ ಹೇಳಿದಳು. ಮೂರನೆಯದನ್ನು ಓದಿದಳು, ‘ಹಾಗೂ’ ಎಂಬಲ್ಲಿ ತಡೆದು ಮತ್ತೆ ಮೊದಲಿನಿಂದ ಓದಿದಳು. “ಮದ್ಯಪಾನೀಯ ಅಂದ್ರ ಬಿಯರ್, ಆಯಿ. ಕುಡಿಯೋದು. ಠಂಡಾ ಅಂಗಡಿ ಅಲ್ಲ ಇದು.”

ಸಾಹುಕಾರರು ಎದ್ದು ನಿಂತಿದ್ದರು.

“ಅವತ್ತೂ ಇತ್ತೇನ ಈ ಮಾತು ಇದರಾಗ?” ಎಂದು ಹಣಮಂತಮ್ಮ ಕೇಳಿದಳು.

“ಇತ್ತು ಆಯಿ.”

“ನಿನಗ ಕಂಡಿತ್ತೇನ?”

“ಕಂಡಿತ್ತು.”

ಮುದುಕಿ ತನ್ನ ಬಲಗೈಯನ್ನು ನೋಡಿಕೊಂಡಳು. “ನಾ ಕಾಯಿ ಒಡದೀನಲ್ಲಬೇ” ಎಂದಳು. ಬೈಗುಳಕ್ಕೆ ಚಂದಮ್ಮ ತಯಾರಾಗಿದ್ದಳು, ಇದಕ್ಕೆ ಆಗಿರಲಿಲ್ಲ.

ಅಲ್ಲೇ, ಎಲ್ಲರ ಮುಂದೆ, ಅವಳು ಉಳಿದದ್ದನ್ನೂ ಹೇಳಿದಳು: ನೆಗಡಿ, ಮೂಸಿದಂತೆ ಮಾಡಿದ್ದು, ಆ ಕೂಸು, ಅಜ್ಜಿ. ಕದ್ದು ತರುವುದು ನಿಲ್ಲುತ್ತದೆ ಎಂದು ಹೀಗೆ ಮಾಡಿದೆ, ವರ್ಷಪೂರ್ತಿ ನಿಮಗೆಲ್ಲ ಕೆಲಸ ಸಿಗಲಿ ಎಂದು ಮಾಡಿದೆ ಎಂದಳು. ಅದೆಲ್ಲ ನಿಜವೇ, ಆದರೆ ಅವಳ ಕಿವಿಗೇ ನೆಪದಂತೆ ಕೇಳಿಸಿತು. ಮಲ್ಲೇಶ್ವರಿಯ ಕಣ್ಣು ಕೆಂಪಾಗಿತ್ತು.

“ಅಕ್ಕಾ, ನೀ ಕೇಳಿದ್ರ ನಾ ಹೂಂ ಅಂತಿದ್ನೇನೋ. ನನಗ ಮಳಿಗಾಲದಾಗ ಕೆಲಸಿಲ್ಲ. ಗ್ವಾಡಿ ಹಾಕಿ, ಮಕ್ಕಳಿಗೆ ಬಿಡದಂಗ ಮಾಡಿದ್ರ ಆಗಲಿ ಅಂತಿದ್ದೆ. ನೀ ಕೇಳಲೇ ಇಲ್ಲ.”

“ನಾ ಆಗೂದಿಲ್ಲ ಅಂತಿದ್ದೆ” ಎಂದಳು ಹಣಮಂತಮ್ಮ. “ಇಕಿ ಕೂಡ ಜಗಳಾಡ್ತಿದ್ದೆ. ನಮಗ ಜಗಳಾಡಾಕರ ಬಿಡಬೇಕಿತ್ತಲ್ಲ ಚಂದಮ್ಮ.”

ಸಾಹೇಬರು ಒಪ್ಪಿಗೆಯ ಕಾಗದವನ್ನು ಚಂದಮ್ಮನಿಂದ ಹಿಂದಕ್ಕೆ ತೆಗೆದುಕೊಂಡು, ಒಪ್ಪಿಗೆ ಇಲ್ಲವೆಂದು ಅದರ ಮೇಲೆ ಬರೆದು ಹೊರಟುಹೋದರು. ಸಾಹುಕಾರರು ಚಂದಮ್ಮನನ್ನು ಬದಿಗೆ ಕರೆದು, “ಸುಳ್ಳು ಹೇಳ್ರಿ ಅಂತ ನಾ ಹೇಳಿದ್ನೇನ್ರಿ?” ಎಂದು ಕೇಳಿದರು. ಇಲ್ರಿ ಎಂದಳು. ಅವರು ಅವಳನ್ನು ಕೆಲಸದಿಂದ ತೆಗೆಯಲೂ ಇಲ್ಲ. ಹೆಂಗಸರು ಕೊಳಗವನ್ನು ಅರ್ಧ ಮಜ್ಜಿಗೆ ಸಮೇತ ಹೊತ್ತುಕೊಂಡು ಹೋದರು. ಅದರ ಒಂದು ಕಿವಿ ಹಿಡಿಯಲು ಚಂದಮ್ಮ ಕೈ ಚಾಚಿದಾಗ ಮಲ್ಲೇಶ್ವರಿ, “ಇರಲಿ ಬಿಡಕ್ಕ, ನಾವ ಒಯ್ತೀವಿ” ಎಂದಳು.

ಮುಂದಿನ ವಾರ ಸಂಘದವರು ಅದೇ ವಿಷಯಕ್ಕೆ ಸರಿಯಾಗಿ ಕೂತರು. ಊಟದ ಹೊತ್ತು ಮೀರುವವರೆಗೆ ಜಗಳವಾಯಿತು. ಕುಡಿಯುವವರು ಎಲ್ಲಿದ್ದರೂ ಕುಡಿಯುತ್ತಾರೆ, ಕಣ್ಣೆದುರಿಗೆ ಕುಡಿಯಲಿ ಎಂದು ಮಲ್ಲೇಶ್ವರಿಯ ಕಡೆಯವರು. ಒದ್ದೆ ಬಟ್ಟೆಯಲ್ಲಿ ನಮ್ಮ ಹೆಣ್ಣುಮಕ್ಕಳು ಓಡಾಡುವ ಜಾಗ ಅದು, ಕುಡಿದವನ ಕೈಗೆ ಪಟ್ಟಿ ಕಟ್ಟಬಹುದು, ಅವನ ಕಣ್ಣಿಗೆ ಏನು ಕಟ್ಟುತ್ತೀರಿ ಎಂದು ಹಣಮಂತಮ್ಮ. ವರ್ಷಕ್ಕೆ ಒಂದೇ ದಿನ ಗಂಡ ಮಕ್ಕಳ ಜೊತೆ ನೀರಾಡುತ್ತಾನೆ, ಅವತ್ತೂ ಅವನು ಗೋಡೆಯ ಹಿಂದೆ ಹೋಗಿ ಕೂತರೆ ಅದು ಎಂಥ ಕುಟುಂಬ ಎಂದು ಮೂಲೆಯಿಂದ ಯಾರೋ ಕೇಳಿದರು. ಕೈ ಎತ್ತಿಸಿದಾಗ ಬೇಡ ಎನ್ನುವವರು ಹೆಚ್ಚಾದರು.

ಆ ಜಗಳದ ನಡುವೆ ಒಬ್ಬರು, ಬಾಗಿಲಲ್ಲಿ ನಿಲ್ಲುವವಳು ಚಂದಮ್ಮ, ಅವಳ ಅಭಿಪ್ರಾಯ ಏನು ಎಂದರು. ಇಡೀ ಸಂಘದಲ್ಲಿ ಆ ಬಾಟಲಿಗಳನ್ನು ಅವಳಷ್ಟು ಬಲ್ಲವರು ಇಲ್ಲ. ಕಟ್ಟುನಿಟ್ಟಾಗಿ ನಡೆಸಿದರೆ ಆ ಗೋಡೆಯ ಮನೆಯೇ ಕಡಿಮೆ ಕೆಟ್ಟದ್ದು ಎಂದು ಅವಳಿಗೆ ಈಗಲೂ ಅನಿಸುತ್ತಿತ್ತು. ಬಾಯಿ ತೆರೆದಳು. ಎಲ್ಲರೂ ಅವಳ ಕಡೆ ನೋಡುತ್ತಿದ್ದರು, ಸಾಹುಕಾರರು ಹೇಳಿಕೊಟ್ಟ ಮಾತು ಈಗ ಬರುತ್ತದೆ ಎಂದು ಕಾಯುವವರಂತೆ. “ನಂದೇನಿಲ್ಲ” ಎಂದು ಕೂತಳು. ನಿಜವಾದ ಮಾತೊಂದು ಅವಳ ಹತ್ತಿರ ಇತ್ತು, ಅದನ್ನು ಕೊಳ್ಳುವವರನ್ನು ಅವಳೇ ಕಳೆದುಕೊಂಡಿದ್ದಳು.

ಹಣಮಂತಮ್ಮ ಅವಳ ಜೊತೆ ಮಾತು ಬಿಡಲಿಲ್ಲ. ಸೂಜಿಗೆ ದಾರ ಪೋಣಿಸಲು ಕರೆಯುತ್ತಾಳೆ, ಎಲೆ ಅಡಿಕೆ ಕೊಡುತ್ತಾಳೆ, ಅಮರಪ್ಪನ ಮೊಣಕಾಲು ನೋವು ವಿಚಾರಿಸುತ್ತಾಳೆ. ಅದು ಬೈಗುಳಕ್ಕಿಂತ ಕಷ್ಟದ್ದು. ಪಾರ್ಕು ಮಳೆಗೆ ಮುಚ್ಚಿತು, ಹಿಂಬದಿಯ ಗೋಡೆ ಅರ್ಧಕ್ಕೇ ನಿಂತಿತು. ಹೆಂಗಸರು ಹೊಲದ ಕಳೆಗೆ ಹೋದರು, ಮಲ್ಲೇಶ್ವರಿಯೂ ಹೋದಳು, ಚಂದಮ್ಮನೂ ಹೋದಳು.

ಶ್ರಾವಣದಲ್ಲಿ ಊರಿನ ಕೊಳವೆಬಾವಿಯ ಮೋಟಾರು ಸುಟ್ಟಿತು. ಪಂಚಾಯಿತಿಗೆ ಕೊಡಲು ಸಂಘದಿಂದ ಕಾಗದ ಆಯಿತು. ಪಡಸಾಲೆಯಲ್ಲಿ ಎಲ್ಲರೂ ಸೇರಿದಾಗ ಹಣಮಂತಮ್ಮ ಎಂದಿನಂತೆ ಅದನ್ನು ಚಂದಮ್ಮನ ಕೈಗೇ ಕೊಟ್ಟಳು. ಚಂದಮ್ಮ ಒಂದೊಂದೇ ಸಾಲು ಓದಿದಳು, ಒಂದೊಂದನ್ನೇ ಬಿಡಿಸಿ ಹೇಳಿದಳು. ಕಡೆಯ ಸಾಲಿನ ತಾರೀಖನ್ನೂ ಬಿಡಲಿಲ್ಲ. ಓದಿ ಮುಗಿಸಿ ಸಹಿ ಮಾಡಲು ಪೆನ್ನಿನ ಮುಚ್ಚಳ ತೆಗೆದಳು. ಹಣಮಂತಮ್ಮ ಮೆಲ್ಲಗೆ ಅವಳ ಕೈಯಿಂದ ಕಾಗದ ತೆಗೆದುಕೊಂಡು ಪಕ್ಕಕ್ಕೆ ದಾಟಿಸಿದಳು.

“ಮಲ್ಲೇಶ್ವರಿ, ನೀನೂ ಒಮ್ಮೆ ಓದವ್ವ.”

ಮಲ್ಲೇಶ್ವರಿ ಚಂದಮ್ಮನ ಮುಖ ನೋಡಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ಮೊದಲ ಸಾಲಿನಿಂದ ಶುರು ಮಾಡಿದಳು. ಮೋಟಾರು ಸುಟ್ಟಿದೆ, ದುರಸ್ತಿ ಮಾಡಿಸಿ ಎಂಬಷ್ಟೇ ಇದ್ದ ಕಾಗದ ಅದು. ಚಂದಮ್ಮ ಪೆನ್ನಿಗೆ ಮುಚ್ಚಳ ಹಾಕಿ ಮಡಿಲಲ್ಲಿಟ್ಟುಕೊಂಡು ಕೇಳುತ್ತ ಕೂತಳು. ಓದು ಮುಗಿದ ಮೇಲೆ ಹಣಮಂತಮ್ಮ, “ಎರಡೂ ಒಂದ ಅದಾವೇನ?” ಎಂದು ಕೇಳಿದಳು.

“ಒಂದ ಅದಾವ ಆಯಿ” ಎಂದಳು ಮಲ್ಲೇಶ್ವರಿ. ಆಮೇಲೆ ಹಣಮಂತಮ್ಮ ಹೆಬ್ಬೆಟ್ಟು ಒತ್ತಿದಳು.